ದೇವರಾಗದ ಮೂರು ಕಲ್ಲು

ಎಣ್ಣೆಯಲ್ಲಿ ಕಲಸಿದ ಸಿಂಧೂರ ತಣ್ಣೀರಿಗೆ ಹೋಗುವುದಿಲ್ಲ. ಬಿಸಿನೀರು, ಒಂದು ಹಿಡಿ ವಾಷಿಂಗ್ ಸೋಡಾ, ತೆಂಗಿನ ನಾರು ಬೇಕು. ಉಜ್ಜುವಾಗ ಕೈಯನ್ನು ಸುತ್ತ ತಿರುಗಿಸಬಾರದು, ಬಣ್ಣ ಕಲ್ಲಿನ ಸಣ್ಣ ಹೊಂಡಗಳಲ್ಲಿ ಕೂತುಬಿಡುತ್ತದೆ. ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಇದನ್ನು ನನಗೆ ಕಲಿಸಿದವರು ಹೋದ ತಿಂಗಳು ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆ ಎನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಒಂದು ಮೂಲೆಯಲ್ಲಿದ್ದ ಸಸ್ಯಾಹಾರಿ ಹೋಟೆಲನ್ನು ಗಂಡ ಹೋದ ಮೇಲೆ ಒಬ್ಬರೇ ನಡೆಸಿದವರು. ಉಡುಪಿಯ ಕಡೆಯವರು. ಗಿರಾಕಿಗಳಿಗೆ, ಅಡುಗೆಯವರಿಗೆ, ಎದುರಿನ ಸ್ಟ್ಯಾಂಡಿನ ರಿಕ್ಷಾದವರಿಗೆ ಎಲ್ಲ ಅವರು ಅಕ್ಕ. ನಾನು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇರುವವಳು. ಘಣಸೋಲಿಯ ಒಂದು ಕಚೇರಿಯಲ್ಲಿ ರಸ್ತೆಗಳ ನಕ್ಷೆ ಮಾಡುವುದು ನನ್ನ ಕೆಲಸ. ದಿನಾ ಲೋಕಲ್‌ನಲ್ಲಿ ಠಾಣೆಗೆ ಹೋಗಿ ಅಲ್ಲಿ ಗಾಡಿ ಬದಲಿಸಬೇಕು. ಯಾರ ಜೊತೆಗೂ ಹೆಚ್ಚು ಮಾತಾಡದೆ ಒಂದು ವರ್ಷ ಆ ಹೋಟೆಲಿನಲ್ಲಿ ಬೆಳಗಿನ ಚಾ ಕುಡಿದಿದ್ದೆ. ಒಂದು ದಿನ ಗಲ್ಲಾದಲ್ಲಿ ಕೂತಿದ್ದ ಅವರೇ ಕೇಳಿದರು.

"ಎಂತ ಕೆಲಸ ನಿಂದು?"

"ರಸ್ತೆ ಡಿಸೈನ್ ಮಾಡ್ತೇನೆ."

"ಯಾರಿಗೆ?"

"ಹೈವೇ, ದೊಡ್ಡ ಜಂಕ್ಷನ್..."

"ಅದಲ್ಲ ಮಾರಾಯ್ತಿ. ಯಾರಿಗೆ ಅಂತ ಕೇಳಿದ್ದು. ನಡೆಯುವವರಿಗಾ, ಓಡಿಸುವವರಿಗಾ?"

ಚಾ ಬಿಸಿಯಿದೆ ಎಂಬ ನೆಪದಲ್ಲಿ ನಾನು ಲೋಟವನ್ನು ಊದತೊಡಗಿದೆ. ನಮ್ಮ ಕಚೇರಿಯಲ್ಲಿ ಆ ವಾರ ನಾನು ಮಾಡುತ್ತಿದ್ದದ್ದು ಒಂದು ತಿರುವನ್ನು ಇನ್ನಷ್ಟು ಅಗಲ ಮಾಡುವ ಕೆಲಸವಾಗಿತ್ತು, ಲಾರಿಗಳು ನಿಲ್ಲದೆ ತಿರುಗಲಿ ಎಂದು.

ಹೋಟೆಲಿನ ಮುಂದೆ ದೊಡ್ಡ ರಸ್ತೆ, ಪಕ್ಕದಲ್ಲಿ ಒಂದು ಶಾಲೆಗೆ ಹೋಗುವ ಗಲ್ಲಿ. ಕಾಂಕ್ರೀಟ್ ಹಾಕುವಾಗ ಆ ಮೂಲೆಯನ್ನೂ ಹಾಗೇ ಅಗಲವಾಗಿ ಉರುಟು ಮಾಡಿಬಿಟ್ಟಿದ್ದರು. ಮುಂದಿನ ಸಿಗ್ನಲ್ ತಪ್ಪಿಸಲು ಕಾರ್ಖಾನೆಗಳ ಕಡೆಯ ಟ್ಯಾಂಕರ್‌ಗಳು ಬ್ರೇಕ್ ಮುಟ್ಟದೆ ಅದೇ ಗಲ್ಲಿಗೆ ತಿರುಗುತ್ತಿದ್ದವು. ಅಕ್ಕ ರಸ್ತೆ ದಾಟುವುದನ್ನು ನೋಡಬೇಕಿತ್ತು. ಕೈ ಎತ್ತುತ್ತಿರಲಿಲ್ಲ. ಖಾಲಿ ಸಾಂಬಾರಿನ ದೊಡ್ಡ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡು, ಅದರ ಬಾಯನ್ನು ಗಾಡಿಗಳ ಕಡೆಗೆ ಮಾಡಿಕೊಂಡು ದಾಟುತ್ತಿದ್ದರು. ಆಚೆ ಕೆಲಸ ಇಲ್ಲದಿದ್ದರೂ ಪಾತ್ರೆ ಇರುತ್ತಿತ್ತು. ನಾನು ಕೇಳಿದ್ದಕ್ಕೆ, "ಮನುಷ್ಯರಿಗೆ ನಿಲ್ಲದವರು ಪಾತ್ರೆಗೆ ನಿಲ್ತಾರೆ. ಬಂಪರಿಗೆ ಗೀರು ಬೀಳ್ತದಲ್ಲ," ಎಂದರು.

ಗಲ್ಲಿಯ ಶಾಲೆಯಿಂದ ನಿವೃತ್ತರಾದ ಒಬ್ಬ ಮರಾಠಿ ಟೀಚರ್ ದಿನಾ ಬೆಳಿಗ್ಗೆ ಎರಡು ಇಡ್ಲಿ ಕಟ್ಟಿಸಿಕೊಂಡು ಹೋಗಲು ಬರುತ್ತಿದ್ದರು. ಒಂದು ಸೋಮವಾರ ಮೂಲೆಯಲ್ಲಿ ತಿರುಗುತ್ತಿದ್ದ ಟ್ಯಾಂಕರಿನ ಹಿಂಬದಿ ಅವರಿಗೆ ತಾಗಿತು. ಬದುಕಿದರು. ಸೊಂಟದ ಮೂಳೆ ಮುರಿದಿತ್ತು. ಮತ್ತೆ ಅವರು ಮನೆಯ ಮೆಟ್ಟಿಲು ಇಳಿಯಲಿಲ್ಲ. ಅಕ್ಕ ಅವರ ಇಡ್ಲಿಯನ್ನು ತಾವೇ ಒಯ್ದು ಕೊಡತೊಡಗಿದರು, ತಮ್ಮ ಕೊನೆಯವರೆಗೂ.

ಡ್ರೈವರ್ ಓಡಿಹೋಗಿರಲಿಲ್ಲ. ಹೋಟೆಲಿನ ಮುಂದೆಯೇ ನಿಂತು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಮೋಡ್ ಥಾ, ಮೋಡ್ ಲಿಯಾ." ತಿರುವು ಇತ್ತು, ತಿರುಗಿಸಿದೆ. ಜನ ಅವನ ಮೇಲೆ ಕೈಮಾಡಲು ಹೋದರು. ಅಕ್ಕ ತಡೆದರು. ಆಮೇಲೆ ವಾರವಿಡೀ ಆ ಮಾತು ಅವರ ಬಾಯಲ್ಲಿ ಇತ್ತು.

"ಅವನು ಸುಳ್ಳು ಹೇಳ್ಲಿಲ್ಲ. ಇಷ್ಟು ಅಗಲ ಬಿಟ್ಟದ್ದು ನೋಡಿ ಯಾರು ನಿಧಾನ ಮಾಡ್ತಾರೆ? ನಮ್ಮ ಅಡುಗೆಮನೆ ತಿರುವಿನ ಕಥೆಯೇ ಇದು."

ಅಡುಗೆಮನೆಯಿಂದ ಗಿರಾಕಿಗಳು ಕೂರುವ ಹಾಲ್‌ಗೆ ಬರುವಲ್ಲಿ ಒಂದು ತಿರುವಿತ್ತು. ಮೊದಲು ಅಲ್ಲಿ ಸಾಂಬಾರಿನ ಬಕೆಟ್ ಹಿಡಿದು ಬರುವವನೂ ಎಂಜಲು ತಟ್ಟೆ ಹಿಡಿದು ಹೋಗುವವನೂ ಢಿಕ್ಕಿ ಹೊಡೆಯುತ್ತಿದ್ದರಂತೆ. ಒಬ್ಬನ ಕಾಲು ಸುಟ್ಟಿತ್ತು. "ನಿಧಾನ ಹೋಗಿ ಅಂತ ಬೋರ್ಡ್ ಬರೆದು ಹಾಕಿದೆ. ಓದ್ಲಿಲ್ಲ. ಬೈದೆ. ಕೇಳ್ಲಿಲ್ಲ. ಅಕ್ಕಿ ಡ್ರಮ್ ತಂದು ಮೂಲೆಗಿಟ್ಟು ದಾರಿ ಸಣ್ಣ ಮಾಡಿದೆ. ಕೇಳಿದ್ರು."

ಎರಡು ವರ್ಷ ಎಂ.ಟೆಕ್ ಓದಿ ನಾನು ಕಲಿತದ್ದು ಇದನ್ನೇ. ವೇಗವನ್ನು ಹೇಳಿಕೆಯಿಂದ ಇಳಿಸಲಾಗುವುದಿಲ್ಲ, ರಸ್ತೆಯ ಆಕಾರದಿಂದ ಇಳಿಸಬೇಕು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ನಾನು ವಾಸಿಸುವ ಕಟ್ಟಡದ ಮೂಲೆಗೆ ಅದು ಅನ್ವಯಿಸುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹೋಟೆಲಿನ ಹಿಂದೆ ಮೂರು ಹಳೆಯ ಕಡೆಯುವ ಕಲ್ಲುಗಳು ಬಿದ್ದಿದ್ದವು. ಗ್ರೈಂಡರ್ ಬಂದ ಮೇಲೆ ಅವಕ್ಕೆ ಕೆಲಸವಿರಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕ ನಾಲ್ಕು ಜನ ಅಡುಗೆಯವರಿಂದ ಅವನ್ನು ಉರುಳಿಸಿ ತರಿಸಿ ಮೂಲೆಯಲ್ಲಿ ಇಡಿಸಿದರು. ಮೊದಲು ಹತ್ತಿರ ಹತ್ತಿರ ಇಟ್ಟರು, ಕಸದ ಗಾಡಿ ತಿರುಗಲಾರದೆ ನಿಂತಿತು. ಒಂದು ಕಲ್ಲನ್ನು ಹಿಂದೆ ಸರಿಸಿದರು. ಕಸದ ಗಾಡಿ ಹೋಯಿತು. ಟ್ಯಾಂಕರ್ ಬಂತು, ನಿಂತಿತು, ಗೇರ್ ಬದಲಿಸಿತು, ನಡೆಯುವವನ ವೇಗದಲ್ಲಿ ತಿರುಗಿತು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು.

ಅವರಿಗೆ ಸ್ಪೀಡ್ ಬ್ರೇಕರ್ ಕಂಡರೆ ಆಗುತ್ತಿರಲಿಲ್ಲ. "ಜೋರು ಹೋಗುವವ ಒಬ್ಬ. ಬೆನ್ನು ಮುರಿಯುವುದು ರಿಕ್ಷಾದ ಹಿಂದೆ ಕೂತ ಬಸುರಿದು," ಎನ್ನುತ್ತಿದ್ದರು. ಇನ್ನೊಂದು ನಿಯಮ ಮಾಡಿದ್ದರು: ಆ ಮೂಲೆಯಲ್ಲಿ ಹಾರ್ನ್ ಹೊಡೆದವರಿಗೆ ಹೋಟೆಲಿನಲ್ಲಿ ಚಾ ಇಲ್ಲ. ಒಬ್ಬ ಟ್ಯಾಂಕರಿನವನು ಗಲ್ಲಿಯಲ್ಲಿ ಗಾಡಿ ನಿಲ್ಲಿಸಿ ಬಂದು ಕೂತ. ಅಕ್ಕ ಗಲ್ಲಾದಿಂದಲೇ, "ಆಪ್ ವಾಪಸ್ ಜಾವ್, ಫಿರ್ ಸೇ ಆವ್, ಬಿನಾ ಹಾರ್ನ್," ಎಂದರು. ಅವನು ನಕ್ಕ. ಅವರು ನಗಲಿಲ್ಲ. ಅವನು ಎದ್ದು ಹೋಗಿ, ಸುತ್ತು ಹಾಕಿ, ಸದ್ದಿಲ್ಲದೆ ತಿರುಗಿ ಬಂದು ಕೂತ. ಅವನಿಗೆ ಚಾದ ಜೊತೆ ಒಂದು ಬನ್ಸ್ ಸಿಕ್ಕಿತು.

ಮುಂದಿನದ್ದರಲ್ಲಿ ನನ್ನ ತಪ್ಪಿದೆ. ಒಂದು ಸಂಜೆ, ಬೀದಿದೀಪ ಹತ್ತುವ ಮೊದಲು, ಒಬ್ಬ ಹುಡುಗಿ ಸ್ಕೂಟರಿನಲ್ಲಿ ಬಂದು ಕಲ್ಲಿಗೆ ತಾಗಿ ಬಿದ್ದಳು. ಮೊಣಕಾಲು ತರಚಿತು. ಅಕ್ಕನ ಮುಖ ಬಿಳಿಚಿಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ. ಅವಳ ಗಾಯ ತೊಳೆದು, ಮನೆಗೆ ಕಳಿಸಿ, ನನ್ನ ಕಡೆ ತಿರುಗಿ, "ಓದಿದವಳು ನೀನು. ಹೇಳು," ಎಂದರು. ಕಲ್ಲು ದೂರದಿಂದ ಕಾಣಬೇಕು, ಬಿಳಿ ಬಣ್ಣ ಹೊಡೆಯಬೇಕು ಎಂದೆ. ಮರುದಿನವೇ ಸುಣ್ಣ ಬಳಿದರು.

ಸುಣ್ಣ ಬಳಿದ ಕಲ್ಲು ನಮ್ಮ ಈ ಊರುಗಳಲ್ಲಿ ಬಹಳ ದಿನ ಕಲ್ಲಾಗಿ ಉಳಿಯುವುದಿಲ್ಲ. ನಾಲ್ಕನೇ ದಿನ ನಡುವಿನ ಕಲ್ಲಿನ ಮೇಲೆ ಒಂದು ಚಿಟಿಕೆ ಕುಂಕುಮ ಬಿತ್ತು. ಆರನೇ ದಿನ ದಾಸವಾಳ. ಅಕ್ಕ ಬೆಳಿಗ್ಗೆ ಬಂದ ಕೂಡಲೇ ಹೂವನ್ನು ತೆಗೆದು ಕಲ್ಲು ತೊಳೆಯುತ್ತಿದ್ದರು. ಮರುದಿನ ಮತ್ತೆ ಇರುತ್ತಿತ್ತು.

ವಾರ್ಡ್ ಕಚೇರಿಯಿಂದ ನೋಟಿಸು ಬಂದದ್ದು ಆಗ. ರಸ್ತೆಯ ಮೇಲೆ ಅತಿಕ್ರಮಣ, ಏಳು ದಿನಗಳಲ್ಲಿ ತೆರವುಗೊಳಿಸಿ. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ರಿಕ್ಷಾ ಸ್ಟ್ಯಾಂಡಿನ ಮುಖಂಡ ಬಂದು ಗಲ್ಲಾದ ಮೇಲೆ ಮೊಣಕೈ ಊರಿದ. ಮರಾಠಿಯವನು, ಜೋರು ದನಿ, ಒಳ್ಳೆಯ ಮನಸ್ಸು.

"ಅಕ್ಕಾ, ಶೇಂದೂರ್ ಲಾವಾ. ಮಗ್ ಕೋಣ್ ಹಾತ್ ಲಾವಣಾರ್?" ಸಿಂಧೂರ ಹಚ್ಚಿಬಿಡಿ, ಆಮೇಲೆ ಯಾರು ಕೈ ಹಾಕುತ್ತಾರೆ ನೋಡೋಣ.

ಅಕ್ಕನ ಗಂಡನ ಅಣ್ಣ ಅಲ್ಲೇ ಕೂತಿದ್ದರು. ಕಲ್ಯಾಣದಲ್ಲಿ ಅವರದೂ ಒಂದು ಹೋಟೆಲು. ಅವರಿಗೆ ಇದು ಬಹಳ ಹಿಡಿಸಿತು. "ಅವ ಹೇಳುದು ಸರಿ ಉಂಟು. ನಮ್ಮ ಊರಿನ ದೈವದ ಕಲ್ಲು ಅಂತ ಹೇಳಿದ್ರಾಯ್ತು. ಒಂದು ಸಣ್ಣ ತಗಡಿನ ಮಾಡು ಮಾಡುವ. ಕಾರ್ಪೊರೇಶನ್‌ನ ಅಪ್ಪ ಬಂದ್ರೂ ಮುಟ್ಲಿಕ್ಕಿಲ್ಲ."

"ಭಾವ, ದೈವದ ಹೆಸರಲ್ಲಿ ಸುಳ್ಳು ಹೇಳ್ಲಿಕ್ಕೆ ನಿಮಗೆ ಧೈರ್ಯ ಉಂಟಾ?"

ಭಾವ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ತುಳುನಾಡಿನವರಿಗೆ ಅದು ಸಣ್ಣ ಪ್ರಶ್ನೆಯಲ್ಲ.

"ನನಗಿಲ್ಲ. ಕಾರ್ಪೊರೇಶನ್ ಜೊತೆ ಜಗಳ ಮಾಡ್ಲಿಕ್ಕೆ ಉಂಟು," ಎಂದರು ಅಕ್ಕ. ಆಮೇಲೆ ಮುಖಂಡನಿಗೂ ಅರ್ಥವಾಗಲಿ ಎಂದು ತಮ್ಮ ಹಿಂದಿಯಲ್ಲಿ ಮುಂದುವರಿಸಿದರು. ಅದರ ಸಾರಾಂಶ ಇದು: ಇವತ್ತು ದೇವರು ಎನ್ನುತ್ತೀರಿ. ನಾಳೆ ಇಲ್ಲಿ ಒಂದು ಮಗುವಿಗೆ ಗಾಡಿ ತಾಗಿದರೆ ದೇವರಿಗೆ ಕೋಪ ಬಂತು ಎನ್ನುತ್ತೀರಿ. ಡ್ರೈವರ್ ಪಾರು, ರಸ್ತೆ ಮಾಡಿದವನು ಪಾರು. ನನಗೆ ಇಲ್ಲಿ ತಪ್ಪು ಮಾಡಿದರೆ ಸಿಕ್ಕಿಬೀಳುವ ಒಬ್ಬ ಮನುಷ್ಯ ಬೇಕು.

"ಹಾಗಾದ್ರೆ ಕಲ್ಲು ಹೋಗ್ತದೆ," ಎಂದರು ಭಾವ.

"ಹೋಗ್ಲಿ. ಕಲ್ಲಾಗಿ ಹೋಗ್ಲಿ."

ಏಳು ದಿನ ಕಳೆಯಿತು, ಯಾರೂ ಬರಲಿಲ್ಲ. ಅಕ್ಕ ತಂಗಿಯ ಮಗಳ ಮದುವೆಗೆ ಊರಿಗೆ ಹೋದರು. ಅವರು ಹೋದ ಎರಡನೇ ದಿನ ಮುಖಂಡ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ನಾಳೆ ತೆರವು ದಳದ ಲಾರಿ ಬರುತ್ತದೆ ಎಂದ. ಅವನ ಕೈಯಲ್ಲಿ ಎಣ್ಣೆಯಲ್ಲಿ ಕಲಸಿದ ಸಿಂಧೂರದ ಡಬ್ಬಿ ಇತ್ತು. ನಾವು ಹಚ್ಚಿದರೆ ಅಕ್ಕ ನಮ್ಮನ್ನು ಬಿಡುವುದಿಲ್ಲ, ನೀವು ಕಲಿತವರು, ನಿಮಗೆ ಏನೂ ಅನ್ನುವುದಿಲ್ಲ ಎಂದ. ನಾನು ಡಬ್ಬಿ ತೆಗೆದುಕೊಂಡೆ. ಬೆಳಿಗ್ಗೆ ಆರಕ್ಕೆ, ಯಾರೂ ನೋಡದಂತೆ, ಮೂರು ಕಲ್ಲಿಗೂ ಹಚ್ಚಿದೆ. ಶಾಲೆಗೆ ಹೋಗುವ ಮಕ್ಕಳ ಲೆಕ್ಕ ನನ್ನ ತಲೆಯಲ್ಲಿತ್ತು. ಸುಳ್ಳಿನಿಂದ ಒಂದು ಮಗು ಉಳಿದರೂ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಲಾರಿ ಬಂತು. ಜೂನಿಯರ್ ಇಂಜಿನಿಯರ್ ಇಳಿದ, ಕಲ್ಲು ನೋಡಿದ, ಚಪ್ಪಲಿ ಬಿಟ್ಟು ಕೈ ಮುಗಿದ. ಲಾರಿ ಹೋಯಿತು. ಮುಖಂಡ ನನ್ನನ್ನು ನೋಡಿ ಹೆಬ್ಬೆರಳು ಎತ್ತಿದ.

ಮೂರು ದಿನ ಬಿಟ್ಟು ಅಕ್ಕ ಊರಿನಿಂದ ಬಂದರು. ರಿಕ್ಷಾದಿಂದ ಇಳಿದವರು ಚೀಲ ಕೆಳಗಿಟ್ಟು ಕಲ್ಲುಗಳ ಮುಂದೆ ನಿಂತರು.

"ಯಾರು ಹಚ್ಚಿದ್ದು?"

"ನಾನು."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಒಳಗಿನಿಂದ ಬಿಸಿನೀರಿನ ಬಕೆಟ್, ಸೋಡಾ, ನಾರು ತಂದು ನನ್ನ ಮುಂದಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹೇಗೆ ಉಜ್ಜಬೇಕು ಎಂದು ತೋರಿಸಿದರು. ರಸ್ತೆಯ ಜನರೆಲ್ಲ ನೋಡುತ್ತಿದ್ದರು. ಕಚೇರಿಗೆ ಹೋಗುವ ಚೂಡಿದಾರ್ ಕೆಂಪಾಯಿತು. ಮೂರನೇ ಕಲ್ಲು ಮುಗಿದಾಗ ಅವರು ಸೆರಗಿನಿಂದ ಕೈ ಒರೆಸಿಕೊಂಡು ಫೋನ್ ತೆಗೆದು ವಾರ್ಡ್ ಕಚೇರಿಗೆ ಮಾಡಿದರು.

"ಸಾಬ್, ಉಸ್ ದಿನ್ ಆಪ್‌ಕೋ ಝೂಟ್ ದಿಖಾಯಾ. ಯಹಾಂ ಭಗವಾನ್ ನಹೀಂ ಹೈ, ಪತ್ಥರ್ ಹೈ. ಆಕೇ ಲೇ ಜಾವ್. ಔರ್ ಆತೇ ಸಮಯ್ ಫುಟ್‌ಪಾತ್ ಕಾ ಪ್ಲಾನ್ ಭೀ ಲೇಕೇ ಆವ್." ಅಂದು ತೋರಿಸಿದ್ದು ಸುಳ್ಳು, ಇಲ್ಲಿರುವುದು ದೇವರಲ್ಲ, ಕಲ್ಲು, ಬಂದು ಒಯ್ಯಿರಿ, ಬರುವಾಗ ಫುಟ್‌ಪಾತಿನ ನಕ್ಷೆಯನ್ನೂ ತನ್ನಿ.

ತಾನು ಗೆದ್ದದ್ದನ್ನು ಫೋನ್ ಮಾಡಿ ಹಿಂದಿರುಗಿಸುವವರನ್ನು ನಾನು ಆವರೆಗೆ ನೋಡಿರಲಿಲ್ಲ. ಮುಖಂಡ ತಲೆಗೆ ಕೈ ಹೊತ್ತು ಕೂತ. "ಪಾಗಲ್ ಹೈ ಅಪನೀ ಅಕ್ಕಾ," ನಮ್ಮ ಅಕ್ಕನಿಗೆ ಹುಚ್ಚು ಎಂದ. ಆ ಮಾತಿನಲ್ಲಿ ಕೋಪವಿರಲಿಲ್ಲ.

ಲಾರಿ ಬಂದ ದಿನ ಅಕ್ಕ ಕೂಲಿಯವರಿಗೆಲ್ಲ ಚಾ ಕೊಟ್ಟರು. ಇಂಜಿನಿಯರ್ ಮುಂದೆ ಒಂದು ಕಾಗದ ಇಟ್ಟರು. ಅದರಲ್ಲಿ ಅವರು ನನ್ನಿಂದ ಮರಾಠಿಯಲ್ಲಿ ಬರೆಸಿದ್ದ ಎರಡು ವಾಕ್ಯಗಳಿದ್ದವು: ಈ ದಿನ ಮೂರು ಕಲ್ಲು ತೆಗೆಯಲಾಗಿದೆ. ಇಂದಿನಿಂದ ಈ ತಿರುವಿನಲ್ಲಿ ಆಗುವುದಕ್ಕೆ ಕೆಳಗೆ ಸಹಿ ಮಾಡಿದವರು ಜವಾಬುದಾರರು. ಇಂಜಿನಿಯರ್ ನಕ್ಕು ಕಾಗದವನ್ನು ಹಿಂದೆ ಸರಿಸಿದ. ಅಕ್ಕ ಪೆನ್ನು ತೆಗೆದು ಅವನೆದುರೇ "ಸಹಿ ನಿರಾಕರಿಸಿದರು" ಎಂದು ಕನ್ನಡದಲ್ಲಿ ಬರೆದು, ಕೆಳಗೆ ತಮ್ಮ ಸಹಿ ಮಾಡಿ, ಮಡಚಿ ಗಲ್ಲಾದ ಡ್ರಾಯರಿನಲ್ಲಿ ಇಟ್ಟರು. ಅವನ ನಗು ನಿಂತಿತ್ತು.

ಆಮೇಲೆ ಎರಡು ವರ್ಷ ಪ್ರತಿ ಸೋಮವಾರ ವಾರ್ಡ್ ಕಚೇರಿಗೆ ಹೋದರು. ಮೂಲೆಯನ್ನು ಕಿರಿದು ಮಾಡಿ, ಅಂಚು ಕಟ್ಟಿ, ಪಾದಚಾರಿ ಪಟ್ಟೆ ಎಳೆಯಿರಿ ಎಂಬ ಒಂದೇ ಬೇಡಿಕೆ. ಒಮ್ಮೆ ಕಿತ್ತಳೆ ಬಣ್ಣದ ಆರು ರಬ್ಬರ್ ಕಂಬ ನೆಟ್ಟುಹೋದರು, ತಿಂಗಳೊಳಗೆ ಟ್ಯಾಂಕರ್‌ಗಳು ಅವನ್ನು ಮುರಿದವು. ಅಕ್ಕ ಆ ತುಂಡುಗಳನ್ನೆಲ್ಲ ಅಕ್ಕಿಯ ಚೀಲದಲ್ಲಿ ತುಂಬಿಸಿಕೊಂಡು ಹೋಗಿ ಇಂಜಿನಿಯರ್ ಮೇಜಿನ ಮೇಲೆ ಸುರಿದರು. "ನಿಮ್ಮ ಸಾಮಾನು. ನಮಗೆ ಬೇರೆಯವರ ಸೊತ್ತು ಬೇಡ." ಕೊನೆಗೆ ಒಂದು ಉತ್ತರ ಬಂತು: ತಮ್ಮ ಅರ್ಜಿ ತಾಂತ್ರಿಕ ಪರಿಶೀಲನೆಯಲ್ಲಿದೆ. ಅದನ್ನು ಓದಿ ಹೇಳಿದಾಗ, "ಪರಿಶೀಲನೆ ಅಂದ್ರೆ ಎಂತ, ಅವರು ಯಾರಾದ್ರೂ ಬಂದು ಇಲ್ಲಿ ರಸ್ತೆ ದಾಟಿ ನೋಡ್ತಾರಾ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು.

ಅವರು ಸುಲಭದ ಮನುಷ್ಯರಾಗಿರಲಿಲ್ಲ. ಒಳ್ಳೆಯ ಮಾತನ್ನು ಉಪ್ಪಿನಂತೆ ಅಳೆದು ಹಾಕುತ್ತಿದ್ದರು. ನನ್ನ ಮೌನವನ್ನು ಸಭ್ಯತೆ ಎಂದು ಎಲ್ಲರೂ ಹೊಗಳುವಾಗ ಅವರೊಬ್ಬರು, "ಸುಮ್ಮನಿರುವುದು ನಿಂಗೆ ಸುಖ, ಅದಕ್ಕೆ," ಎಂದಿದ್ದರು. ಒಂದು ವಾರ ನಾನು ಬೇರೆ ಕಡೆ ಚಾ ಕುಡಿದೆ.

ಹೋದ ತಿಂಗಳು ಎದೆನೋವು ಎಂದು ಆಸ್ಪತ್ರೆಗೆ ಸೇರಿಸಿದರು. ಮೂರು ದಿನ ಇದ್ದರು.

ಹದಿಮೂರನೆಯ ದಿನದ ಊಟ ಸ್ಟೇಷನ್ ಹತ್ತಿರದ ಒಂದು ಸಮಾರಂಭದ ಹಾಲ್‌ನಲ್ಲಿತ್ತು. ಬಡಿಸುವುದಕ್ಕೆ ಮೊದಲು ಮುಖಂಡ ಎದ್ದು ನಿಂತ. ಇಂಜಿನಿಯರ್ ಹತ್ತಿರ ವಿಚಾರಿಸಿದ್ದನಂತೆ. ಅರ್ಜಿದಾರರು ಇಲ್ಲ, ಆದ್ದರಿಂದ ಫೈಲು ಮುಚ್ಚುತ್ತಾರೆ. ಆದರೆ ಒಬ್ಬ ಪುಢಾರಿ ಒಪ್ಪಿದ್ದಾರೆ: ಆ ಮೂಲೆಗೆ ಅಕ್ಕನ ಹೆಸರಿಟ್ಟು ಚೌಕ್ ಮಾಡುವುದು, ದೊಡ್ಡ ಕಟ್ಟೆ ಕಟ್ಟಿ, ಮೇಲೆ ಅವರ ಫೋಟೋ, ದೀಪ, ಹಾರ. ಕಟ್ಟೆ ಬಂದರೆ ತಿರುವು ತಾನಾಗಿ ಕಿರಿದಾಗುತ್ತದೆ. ಅಕ್ಕನ ಫೋಟೋಗೆ ಯಾರು ಜೆಸಿಬಿ ಹಚ್ಚುತ್ತಾರೆ?

ಜನ ಚಪ್ಪಾಳೆ ತಟ್ಟಿದರು. ಭಾವ ಕಣ್ಣು ಒರೆಸಿಕೊಂಡರು. ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿಯಾಗಿತ್ತು. ಕಟ್ಟೆಯ ಅಳತೆಯನ್ನು ಮನಸ್ಸಿನಲ್ಲೇ ಹಾಕಿದೆ. ಟ್ಯಾಂಕರ್ ನಿಧಾನ ಮಾಡಲೇಬೇಕು.

"ಬೇಡ," ಎಂದೆ. ಅಷ್ಟು ಜನರ ನಡುವೆ ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಭಾವ ನನ್ನ ಕಡೆ ತಿರುಗಿದರು. "ಎಂತ ಬೇಡ? ಅವಳಿದ್ದಿದ್ರೆ ಬೈತಿದ್ಲು, ನಂಗೂ ಗೊತ್ತುಂಟು. ಆದ್ರೆ ಈಗ ಇಲ್ವಲ್ಲ."

"ಇಲ್ಲದವರ ಮೇಲೆ ಕಟ್ಟುವುದು ಸುಲಭ."

"ನೀನು ಯಾರಮ್ಮ ಹೇಳ್ಲಿಕ್ಕೆ? ಬಾಡಿಗೆಗೆ ಇರುವವಳು."

ಅದೂ ಸರಿಯಾಗಿತ್ತು. ಅವರ ರಕ್ತಸಂಬಂಧಿ ಅಲ್ಲ, ಜಾತಿಯವಳಲ್ಲ, ಆ ಊರಿನ ಮತದಾರಳೂ ಅಲ್ಲ. ಮುಖಂಡ ನಗುತ್ತಾ, "ತಾಯೀ, ತುಮ್ಹೀಚ್ ತರ್ ಶೇಂದೂರ್ ಲಾವಲಾ ಹೋತಾ," ಎಂದ. ಸಿಂಧೂರ ಹಚ್ಚಿದ್ದು ನೀವೇ ಅಲ್ಲವೇ? ಹಾಲ್ ನಕ್ಕಿತು.

"ಹೌದು, ನಾನೇ. ಅದಕ್ಕೇ ಹೇಳುತ್ತಿದ್ದೇನೆ," ಎಂದು ಹಿಂದಿಯಲ್ಲಿ ಹೇಳಿದೆ, ಎಲ್ಲರಿಗೂ ತಿಳಿಯುವಂತೆ. "ಕಟ್ಟೆ ಕಟ್ಟಿದರೆ ಅತಿಕ್ರಮಣ ಎಂದು ಮೊದಲ ದೂರು ನಾನೇ ಕೊಡುತ್ತೇನೆ. ಮೂಲೆ ಕಿರಿದಾಗುತ್ತದೆ. ಕಿರಿದು ಮಾಡಬೇಕಾದವರೇ ಮಾಡುತ್ತಾರೆ."

ನಗು ನಿಂತಿತು. ಭಾವ ಬಡಿಸುವವರ ಕಡೆ ಕೈ ಬೀಸಿದರು. ಯಾರೋ ಎಲೆ ಹಾಕಲು ಶುರುಮಾಡಿದರು. ನನ್ನ ಎರಡೂ ಪಕ್ಕದ ಎಲೆಗಳಿಗೆ ಯಾರೂ ಕೂರಲಿಲ್ಲ. ನಾನು ಪೂರ್ತಿ ಊಟ ಮಾಡಿ ಎದ್ದೆ.

ಸಂಜೆ ಹೊಸ ಅರ್ಜಿ ಬರೆದು ಕೆಳಗೆ ನನ್ನ ಹೆಸರು, ವಿಳಾಸ, ಫೋನ್ ನಂಬರ್, ಪದವಿ ಎಲ್ಲ ಹಾಕಿದೆ. ಇಂಥ ವಿವರಗಳನ್ನು ನಾನು ಯಾರಿಗೂ ಕೊಡುವವಳಲ್ಲ. ನಕ್ಷೆ ಜೋಡಿಸಲು ಹೊರಟಾಗ, ಈಚೆಗೆ ಕಾಂಕ್ರೀಟಿನ ಅಂಚನ್ನು ಮತ್ತೆ ಕೆತ್ತಿದ್ದಾರೆ, ಹಳೆಯ ಅಳತೆ ನಡೆಯುವುದಿಲ್ಲ ಎಂದು ನೆನಪಾಯಿತು.

ಮರುದಿನ ಕಚೇರಿಗೆ ಅರ್ಧ ದಿನದ ರಜೆ ಹಾಕಿದೆ. ಬೆಳಿಗ್ಗೆ ಏಳಕ್ಕೆ, ಶಾಲೆಯ ಮಕ್ಕಳು ಬರುವ ಹೊತ್ತಿಗೆ, ಮೂಲೆಗೆ ಹೋಗಿ ಅಳತೆಯ ಟೇಪನ್ನು ಈಚೆ ಅಂಚಿನಿಂದ ಆಚೆ ಅಂಚಿಗೆ ರಸ್ತೆಗೆ ಅಡ್ಡಲಾಗಿ ಹಾಸಿ ಅದರ ಮೇಲೆ ಬಾಗಿದೆ. ಟ್ಯಾಂಕರ್ ಬಂದು ನಿಂತಿತು. ಹಾರ್ನ್ ಹೊಡೆಯಿತು. ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಇನ್ನೊಮ್ಮೆ ಹಾರ್ನ್ ಹೊಡೆಯಿತು, ಈ ಸಲ ಬಹಳ ಹೊತ್ತು. ನಾನು ಟೇಪನ್ನು ಎತ್ತದೆ, ಮತ್ತೆ ಮೊದಲಿನಿಂದ ಅಳೆದೆ.